ಕಂಠಪ್ಪನವರ ಪರೀಕ್ಷೆಯ ಮೇಜು

ಹಂಪಾಪುರದ ಕಂಠಪ್ಪನವರಿಗೆ ಊರಲ್ಲಿ ‘ಸ್ಯಾಟಲೈಟ್ ಕಂಠಪ್ಪ’ ಅಂತಲೇ ಹೆಸರು. ಹೆಸರಿಟ್ಟುಕೊಂಡವರೂ ಅವರೇ. ಹುಣಸೂರಿನಾಚೆಯ ಸಣ್ಣ ಕಾರ್ಖಾನೆಯೊಂದರಲ್ಲಿ, ಉಪಗ್ರಹಕ್ಕೆ ಸಿಗ್ನಲ್ ಕಳಿಸುವ ಆಂಪ್ಲಿಫೈಯರ್‌ಗಳನ್ನು ಪರೀಕ್ಷಿಸುವುದು ಅವರ ಕೆಲಸ. ಎರಡು ಮೈಕ್ರೋವೇವ್ ಸಿಗ್ನಲ್ ಒಟ್ಟಿಗೆ ಕೊಟ್ಟರೆ ಆಂಪ್ಲಿಫೈಯರ್ ಆ ಎರಡನ್ನೇ ದೊಡ್ಡದು ಮಾಡಿ ಕೊಡಬೇಕು. ಅಕ್ಕಪಕ್ಕದಲ್ಲಿ ಕರೆಯದ ನೆಂಟರ ಹಾಗೆ ಬೇರೆ ಸಿಗ್ನಲ್‌ಗಳು ಎದ್ದವೋ, ಫೇಲು. ಆ ‘ಫೇಲು’ ಅನ್ನುವಾಗ ಕಂಠಪ್ಪನವರ ಗತ್ತು ನೋಡಬೇಕು, ಯಾವ ಜಡ್ಜು ಅವರ ಮುಂದೆ ನಿಂತಾನು!

ಆಯುಧಪೂಜೆಗೆ ಮೇಜಿನ ಯಂತ್ರಗಳಿಗೆಲ್ಲ ತಾವೇ ಅರಿಶಿನ ಕುಂಕುಮ ಹಚ್ಚಿದರು. ಪರದೆಗೆ, ಗುಂಡಿಗಳಿಗೆ, ಕೊನೆಗೆ ಕೇಬಲ್ ಸಿಕ್ಕಿಸುವ ಕನೆಕ್ಟರಿನ ಬಾಯಿಗೂ. ಭಕ್ತಿ ಅಂದಮೇಲೆ ಒಂದನ್ನು ಬಿಡಲಾದೀತೇ?

ಹಬ್ಬ ಮುಗಿದದ್ದೇ ತಡ, ಮೇಜಿಗೆ ಬಂದದ್ದೆಲ್ಲ ಫೇಲು. ಅವನ್ನು ಜೋಡಿಸುತ್ತಿದ್ದವಳು ಹೊಸ ಅಗ್ರಹಾರದ ಕಾವ್ಯಶ್ರೀ. ಹೊಸದಾಗಿ ಸೇರಿದ್ದಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಶನಿವಾರದೊಳಗೆ ಪಾಸಾಗದಿದ್ದರೆ ಮನೆಗೆ ಹೋಗು ಅಂದುಬಿಟ್ಟರು ಮಾಲೀಕರು.

“ಇನ್ನೊಂದ್ ಸಲ ನೋಡಿ ಕಂಠಪ್ಪಣ್ಣ” ಎಂದು ಗೋಗರೆದಳು.

“ನೋಡಕ್ಕೇನದೆ ಕಣವ್ವ? ಮಿಷಿನ್ ಸುಳ್ ಏಳಕಿಲ್ಲ. ಓಗು, ನೆಟ್ಟಗೆ ಕೆಲ್ಸ ಕಲಿ” ಎಂದರು ಕಂಠಪ್ಪನವರು.

ಪಾಪ, ಅವಳು ಬೆಸುಗೆಯನ್ನೆಲ್ಲ ಬಿಚ್ಚಿ ಮತ್ತೆ ಹಾಕಿದಳು. ಮತ್ತೆ ಫೇಲು.

ಶುಕ್ರವಾರ ಕಂಠಪ್ಪನವರು ಮಾಮೂಲಿ ತಪಾಸಣೆಗೆಂದು ಆಂಪ್ಲಿಫೈಯರ್ ತೆಗೆದು, ಬರೀ ಕೇಬಲನ್ನೇ ನೇರವಾಗಿ ಜೋಡಿಸಿ ಸಿಗ್ನಲ್ ಬಿಟ್ಟರು. ಪರದೆಯ ಮೇಲೆ ಅದೇ ಬೇಡದ ಸಿಗ್ನಲ್‌ಗಳು! ಅಂದರೆ ದೋಷ ಆಂಪ್ಲಿಫೈಯರಿನದಲ್ಲ, ತಮ್ಮ ಮೇಜಿನದೇ. ಕನೆಕ್ಟರ್ ಬಿಚ್ಚಿ ನೋಡುತ್ತಾರೆ, ಒಳಗೆಲ್ಲ ಕುಂಕುಮ. “ಅಯ್ಯೋ ಶಿವನೇ!”

ಅತ್ತಿತ್ತ ನೋಡಿದರು. ಯಾರೂ ಇರಲಿಲ್ಲ. ಹತ್ತಿಗೆ ಸ್ಪಿರಿಟ್ ಅದ್ದಿ ಗುರುತು ಸಿಗದ ಹಾಗೆ ಒರೆಸಿದರು. ಮಾಲೀಕರ ಕೋಣೆಯ ಬಾಗಿಲವರೆಗೂ ಹೋದರು, ನಿಜ. ಆದರೆ ಉಪಗ್ರಹವನ್ನೇ ಅಂಗೈಯಲ್ಲಿ ಆಡಿಸುವವನು ‘ತಪ್ಪು ನಂದೇ’ ಅನ್ನುವುದು ಹೇಗೆ? ಕೆಮ್ಮಿ ವಾಪಸು ಬಂದರು.

ಶನಿವಾರ ಎಲ್ಲವೂ ಪಾಸು. ಕಾವ್ಯಶ್ರೀಯ ಕೆಲಸ ಉಳಿಯಿತು. ಅವಳು ಓಡಿಬಂದು ಕಂಠಪ್ಪನವರ ಕಾಲಿಗೆ ಬಿದ್ದಳು. ಬೆಸುಗೆ ಹಾಕಿ ಹಾಕಿ ಬೆರಳ ತುದಿಗಳೆಲ್ಲ ಬೊಬ್ಬೆ ಎದ್ದಿದ್ದವು.

“ನೀವು ಬುಡ್ದಂಗೆ ಫೇಲ್ ಮಾಡಿದ್ಕೇ ಕಣಣ್ಣ, ನಂಗೆ ನನ್ ತಪ್ಪು ಗೊತ್ತಾಗಿದ್ದು.”

ಕಂಠಪ್ಪನವರಿಗೆ ನಾಚಿಕೆಯಾಯಿತು. ಆದರೂ ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು.