ನೀಲಕಂಠ ತೊಡಿಸಿದ ಕಾಸಿನ ಸರ

ಚನ್ನಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನೀಲಕಂಠನನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಸುತ್ತಲಿನ ಹಳ್ಳಿಗಳಲ್ಲಿ ಅವನಿಗೆ ಒಳ್ಳೆಯ ಹೆಸರಿದೆ. ಮಾತು ಮೃದು, ಕೆಲಸ ಬೇಗ, ಸಾವಿನ ಮನೆಯವರನ್ನು ಕಾಯಿಸುವುದಿಲ್ಲ ಎನ್ನುತ್ತಾರೆ. ಎಲ್ಲವೂ ನಿಜ.

ಅವನ ಅಪ್ಪ ಅಂಗಡಿಗಳ ಬೋರ್ಡಿಗೆ ಬಣ್ಣದಲ್ಲಿ ಅಕ್ಷರ ಬರೆಯುತ್ತಿದ್ದರಂತೆ. ಫ್ಲೆಕ್ಸ್ ಬಂದ ಮೇಲೆ ಬಣ್ಣದ ಡಬ್ಬಿಗಳು ಒಣಗಿದವು, ಮಗ ಕಂಪ್ಯೂಟರ್ ಕಲಿತ. ಸ್ವಲ್ಪ ಕಾಲ ಮದುವೆಗಳಿಗೆ ಕ್ಯಾಮೆರಾ ಹೊತ್ತು ತಿರುಗಿದ. ಈಗ ಮದುವೆಯವರಿಗೆ ಡ್ರೋನ್ ಹಾರಿಸುವ ಹುಡುಗರೇ ಬೇಕು. ನೀಲಕಂಠನಿಗೆ ಉಳಿದದ್ದು ಸಾವು. “ಸತ್ತೋರ ಮನೆಯೋರು ಚೌಕಾಸಿ ಮಾಡಲ್ಲ” ಎಂದು ಅವನೇ ನಗುತ್ತಾ ಹೇಳುವುದನ್ನು ಕೇಳಿದ್ದೇನೆ.

ಅವನ ಕಂಪ್ಯೂಟರಿನಲ್ಲಿ ತಲೆಯಿಲ್ಲದ ಒಬ್ಬ ಹೆಂಗಸು ಇದ್ದಾಳೆ. ಕೆಂಪು ಅಂಚಿನ ಹಸಿರು ರೇಷ್ಮೆ ಸೀರೆ, ಎದೆಯವರೆಗೆ ಇಳಿದ ಕಾಸಿನ ಸರ, ಮಡಿಲಲ್ಲಿ ಒಂದರ ಮೇಲೊಂದಿಟ್ಟ ನುಣುಪಾದ ಬೆಳ್ಳನೆಯ ಕೈಗಳು. ಯಾವ ಊರಿನ ಯಾವ ಮುದುಕಿ ಸತ್ತರೂ, ಫೋನಿಗೆ ಬಂದ ಮುಖವನ್ನು ಕತ್ತರಿಸಿ ಆ ಕೊರಳಿಗೆ ಅಂಟಿಸುತ್ತಾನೆ. ಹೊಲದ ಬಿಸಿಲಲ್ಲಿ ದುಡಿದು ಸತ್ತವರೆಲ್ಲ ಅವನ ಅಂಗಡಿಯಿಂದ ಒಂದೇ ಮೈ ಹೊತ್ತು ಹೊರಗೆ ಬರುತ್ತಾರೆ.

ನಾನು ರಾಮನಗರದ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಡಿಜಿಟಲ್ ಮಾಧ್ಯಮ, ದೃಶ್ಯ ಸಂವಹನ ನಮಗೆ ಪಾಠ. ಎಲ್ಲಿಯೋ ನಡೆದ ಯುದ್ಧದ, ಪ್ರವಾಹದ ಚಿತ್ರಗಳನ್ನು ಮುಂದಿಟ್ಟುಕೊಂಡು ನೆರಳು ಯಾವ ಕಡೆ ಬಿದ್ದಿದೆ, ಅಂಚು ಎಲ್ಲಿ ಮಸುಕಾಗಿದೆ ಎಂದು ಹುಡುಕುತ್ತೇವೆ. ಸುಳ್ಳು ಚಿತ್ರ ದೂರದಿಂದ ಬರುತ್ತದೆ ಎಂದೇ ನಾನು ತಿಳಿದಿದ್ದೆ.

ಕಳೆದ ವರ್ಷ ಅಕ್ಕೂರಿನ ನಮ್ಮ ಮನೆಯಲ್ಲಿ ಅಜ್ಜಿ ಬೋರಮ್ಮ ತೀರಿಕೊಂಡರು. ಅವರದೊಂದು ಫೋಟೋ ನನ್ನ ಫೋನಿನಲ್ಲಿತ್ತು: ಹಿಪ್ಪುನೇರಳೆ ತೋಟದಲ್ಲಿ ರೇಷ್ಮೆ ಹುಳಕ್ಕೆಂದು ಕೊಯ್ದ ಸೊಪ್ಪಿನ ಹೊರೆಯ ಪಕ್ಕ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಹಣೆಯ ಮೇಲೂ ಮುಂಗೈಯ ಮೇಲೂ ಹಚ್ಚೆ, ಬರಿಯ ಕೊರಳು. ಅಪ್ಪ ಕೆಂಪಯ್ಯ ಅದನ್ನು ನೀಲಕಂಠನಿಗೆ ಕಳಿಸಿದರು. ತಿಥಿಯ ಹಿಂದಿನ ದಿನ ಅವನೇ ಚೌಕಟ್ಟು ಹಾಕಿಸಿ ತಂದ.

“ನೀಲಕಂಠಣ್ಣ, ಅಜ್ಜಿ ಹಚ್ಚೆ ಎಲ್ಲಿ?” ಎಂದೆ.

“ಕಲೆ ಥರ ಕಾಣ್ತಿತ್ತು ಕಣವ್ವ, ಒರಸ್ಬುಟ್ಟೆ.”

“ಈ ಕೈ ನಮ್ಮಜ್ಜೀದಲ್ಲ.”

“ನೀನು ಫಿಲ್ಟರ್ ಹಾಕ್ಕೊಂಡು ಸ್ಟೇಟಸ್ ಹಾಕಲ್ವಾ? ನಿಮ್ಮಜ್ಜಿಗೆ ನಾನು ಹಾಕ್ದೆ. ಅದ್ಕೇನೀಗ?”

ಅಪ್ಪ ನಡುವೆ ಬಂದರು. “ಬುಡು ಪ್ರತಿಮಾ. ಒಸಿ ಲಕ್ಷಣವಾಗೈತೆ, ಇರ್ಲಿ.”

ಮರುದಿನ ಬೈರಾಪಟ್ಟಣದಿಂದ ಅಪ್ಪನ ಅಕ್ಕ ಧನಲಕ್ಷ್ಮಿ ಅತ್ತೆ, ಅವರ ಗಂಡ ಅಶ್ವಥ್ ಮಾವ ಬಂದರು. ಮಾವ ಫೋಟೋದ ಮುಂದೆ ಕೈ ಮುಗಿದರು, ಆದರೆ ಕಣ್ಣು ಮುಚ್ಚಲಿಲ್ಲ.

“ಏನ್ ಕೆಂಪಯ್ಯ, ಅತ್ತೆಮ್ಮಂಗೆ ಕಾಸಿನ ಸರ ಇತ್ತು ಅಂತ ನಮಗ್ಯಾರೂ ಹೇಳ್ನೇ ಇಲ್ಲ?”

ಅಪ್ಪ ನಕ್ಕರು. “ಅದು ಸ್ಟುಡಿಯೋದು ಭಾವ.”

“ಸ್ಟುಡಿಯೋದೋರು ಚಿನ್ನ ಇಕ್ತಾರಾ? ನಮ್ಮವ್ವ ಸತ್ತಾಗ ಹೂವಿನ ಹಾರ ಇಕ್ಕಿದ್ರು, ಅಷ್ಟೇಯ.”

ಪಂಕ್ತಿಗೆ ಕೂರುತ್ತಿದ್ದವರು ತಿರುಗಿ ನೋಡಿದರು. ಅತ್ತೆ ಫೋಟೋದ ಹತ್ತಿರ ಹೋಗಿ ನೋಡಿ, ಅಪ್ಪನ ಕಡೆ ತಿರುಗಿದಾಗ ಅವರ ಮುಖವೇ ಬೇರೆಯಾಗಿತ್ತು.

“ಅವ್ವನ ಕೊರಳಿಂದ ಬಿಚ್ಕೊಳ್ಳೋವಾಗ ನಾನೊಬ್ಳು ಮಗಳು ಅವ್ಳೆ ಅಂತ ಗ್ಯಾನ ಬರ್ನಿಲ್ವೇನ್ಲಾ? ಕಳ್ಳ ನನ್ ಮಗ್ನೆ!”

ನಾನು ಓಡಿಹೋಗಿ ಫೋನು ತಂದು ಅಸಲು ಫೋಟೋ ತೋರಿಸಿದೆ. ಮಾವ ಅದನ್ನು ನೋಡಿ, ಫೋನು ವಾಪಸ್ ಕೊಟ್ಟರು.

“ಸೊಪ್ಪು ಕುಯ್ಯಕ್ಕೆ ಯಾರಾದ್ರೂ ಸರ ಹಾಕ್ಕೊಂಡು ಹೋಯ್ತಾರೇನವ್ವ? ಅಲ್ದೆ ನೀನು ಕಂಪ್ಯೂಟರ್ ಓದೋಳು. ಸರಾನ ನೀನೇ ಒರಸಿರ್ತೀಯ.”

ಕೆಲವರು ನಕ್ಕರು. ನಿಜವಾದ ಚಿತ್ರ ಕೈಯಲ್ಲಿದ್ದವಳು ನಾನು. ಆದರೆ ಗಾಜು, ಚೌಕಟ್ಟು, ಊದುಬತ್ತಿ ಇದ್ದದ್ದು ಸುಳ್ಳಿಗೆ. ನಾವು ತರಗತಿಯಲ್ಲಿ ಕಲಿತ ನೆರಳು, ಅಂಚು ಯಾವುದೂ ಅಲ್ಲಿ ನಡೆಯಲಿಲ್ಲ.

ನೀಲಕಂಠ ಅಲ್ಲೇ ಊಟಕ್ಕೆ ಕೂತಿದ್ದ. ಎಲ್ಲರೆದುರು ಕೇಳಿದೆ: “ಹೇಳಣ್ಣ, ಸರ ಯಾರದು?”

ಅವನು ಎಲೆ ನೋಡಿದ. ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಅವನ ಗಿರಾಕಿಗಳೇ ಕೂತಿದ್ದರು. “ನಾನು ಒಸಿ ಬೆಳಕು ಜಾಸ್ತಿ ಮಾಡ್ದೆ, ಅಷ್ಟೇ ಕಣವ್ವ. ಇಲ್ದೇ ಇರೋದ್ನ ನಾನ್ಯಾಕೆ ಇಕ್ಲಿ?” ಎಂದು ಮುದ್ದೆ ಮುರಿದ. ಅಪ್ಪನ ಮುಖ ನೋಡಿಯೂ ಅವನಿಗೆ ತುತ್ತು ಇಳಿಯಿತು.

ನಾನು ಅತ್ತೆಯ ಕೈ ಹಿಡಿದು ಎದುರು ಮನೆಗೆ ಎಳೆದುಕೊಂಡು ಹೋದೆ. ಆ ಮನೆಯ ಸುಚಿತ್ರಕ್ಕನ ಅತ್ತೆಯೂ ಹಿಂದಿನ ವರ್ಷ ತೀರಿಕೊಂಡಿದ್ದರು. ಗೋಡೆಯ ಮೇಲೆ ಅವರ ಮುಖ, ಅದರ ಕೆಳಗೆ ಅದೇ ಹಸಿರು ಸೀರೆ, ಅದೇ ಸರ, ಅದೇ ಕೈಗಳು.

“ಆ ಸರ ನಮ್ಮತ್ತೇದಲ್ಲ ಕಣಕ್ಕ. ಚೆನ್ನಾಗೈತಲ್ಲ ಅಂತ ನಾವೂ ಏನೂ ಕೇಳ್ನಿಲ್ಲ” ಎಂದರು ಸುಚಿತ್ರಕ್ಕ.

ಧನಲಕ್ಷ್ಮಿ ಅತ್ತೆ ಸರವನ್ನು ಅಷ್ಟಾಗಿ ನೋಡಲಿಲ್ಲ, ಕೈಗಳನ್ನೇ ನೋಡುತ್ತಾ ನಿಂತರು. ಆಮೇಲೆ ಬೀದಿ ದಾಟಿ ಬಂದು ನೀಲಕಂಠನ ಎಲೆಯ ಮುಂದೆ ನಿಂತು ಕೇಳಿದರು:

“ನಮ್ಮವ್ವನ ಕೈ ಏನ್ಲಾ ಮಾಡ್ದೆ?”

“ತಪ್ಪಾಯ್ತು ಬುಡಕ್ಕ. ಸರ ತೆಗ್ದು ಇನ್ನೊಂದು ಮಾಡ್ಕೊಡ್ತೀನಿ.”

ಕೈ ಕೇಳಿದರೆ ಸರದ ಮಾತಾಡುವವನು ಅವನು. ಮಾವ ಅಷ್ಟರಲ್ಲಿ ಬೈಕ್ ಸ್ಟಾರ್ಟ್ ಮಾಡಿದ್ದರು. ಅತ್ತೆ ಅಪ್ಪನ ಎದುರು ಬಂದು ನಿಂತರು. ಅಪ್ಪ ಅವರ ಮುಖ ನೋಡದೆ ಸಾರಿನ ಬಕೆಟ್ ಎತ್ತಿಕೊಂಡು ಬಡಿಸಲು ಹೋದರು. ನೆಂಟರ ಮುಂದೆ ಕಳ್ಳ ಅನ್ನಿಸಿಕೊಂಡಾಗಿತ್ತು. ಒಡಹುಟ್ಟಿದವರು ಅಂತ ಉಳಿದಿದ್ದವರು ಅವರಿಬ್ಬರೇ.

ನೀಲಕಂಠ ವಾರದಲ್ಲೇ ಹೊಸ ಫೋಟೋ ಕಳಿಸಿದ. ಸರ ಹೋಗಿತ್ತು. ಸೀರೆ, ಬಿಳಿ ಕೈ ಹಾಗೇ ಇದ್ದವು. ಅಪ್ಪ ಅದನ್ನು ಹಾಕಲಿಲ್ಲ. ನಾನು ಮುದ್ರಿಸಿ ತಂದ ತೋಟದ ಫೋಟೋವನ್ನೂ ಹಾಕಲಿಲ್ಲ. ನೀಲಕಂಠನ ಅಂಗಡಿ ಮೊದಲಿನಂತೆಯೇ ನಡೆಯುತ್ತಿದೆ. ಬೀದಿಯಲ್ಲಿ ಎದುರಾದರೆ “ಚೆನ್ನಾಗಿದ್ದೀಯೇನವ್ವ?” ಎನ್ನುತ್ತಾನೆ. ನಾನು ರಸ್ತೆಯ ಆಚೆ ಬದಿಗೆ ದಾಟುತ್ತೇನೆ.

ಪ್ರತಿ ವರ್ಷ ಗೌರಿ ಹಬ್ಬಕ್ಕೆ ತಮ್ಮ ಅಕ್ಕನ ಬಾಗಿನವನ್ನು ಅಪ್ಪನೇ ಬೈರಾಪಟ್ಟಣಕ್ಕೆ ಒಯ್ಯುತ್ತಿದ್ದರು. ಈ ಸಲ ನನ್ನ ಕೈಯಲ್ಲಿ ಕಳಿಸಿದರು. ಅತ್ತೆ ಬಾಗಿಲಿಗೆ ಬಂದು ನನ್ನನ್ನು ದಾಟಿ ರಸ್ತೆ ನೋಡಿದರು.

“ನಿಮ್ಮಪ್ಪ?”

“ರೇಷ್ಮೆ ಹುಳ ಹಣ್ಣಾಗವೆ ಅತ್ತೆ, ಗೂಡು ಕಟ್ಟಕ್ಕೆ ಬುಡ್ಬೇಕು, ಬರಕ್ಕಾಗ್ನಿಲ್ಲ.”

“ಹುಳ ಇನ್ನೂ ಎರಡ್ನೇ ಜ್ವರ ಎದ್ದಿಲ್ಲ, ಹಣ್ಣಾಗಕ್ಕೆ ಎರಡು ವಾರ ಬೇಕು ಅಂತ ನಿಮ್ಮವ್ವ ಬೆಳಿಗ್ಗೆ ಫೋನ್ನಾಗೆ ಹೇಳುದ್ಲು” ಎಂದ ಅತ್ತೆ, ಮೊರದ ಬಾಗಿನವನ್ನು ಸೆರಗೊಡ್ಡಿ ತೆಗೆದುಕೊಂಡು ಒಳಗೆ ಹೋದರು.