ಕಾಕಾರ ಸೀಸದ ಸಿಪಾಯಿಗಳು

ಕಳೆದ ವಾರ ಬೀದರಿನಲ್ಲಿ ನನ್ನ ತಂಗಿಯ ಮನೆಯ ಕಿಟಕಿಗಳಿಗೆ ಬಣ್ಣ ಹೊಡೆಸಿದರು. ಪೇಂಟರು ಡಬ್ಬಿಯ ಮುಚ್ಚಳ ತೆಗೆದು ಟರ್ಪಂಟೈನ್ ಸುರಿದದ್ದೇ ತಡ, ಆ ಘಾಟಿಗೆ ನಾನು ಚಹಾದ ಕಪ್ಪನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಕೂತುಬಿಟ್ಟೆ. ಎಣ್ಣೆಬಣ್ಣದ ವಾಸನೆಗೆ ನನಗೆ ತಲೆ ಸುತ್ತುತ್ತದೆ ಎಂದು ತಂಗಿಗೆ ಹೇಳಿದ್ದೇನೆ. ಗಡಿಯಾರದ ಕಾಕಾ ನೆನಪಾಗುತ್ತಾರೆ ಎಂದು ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತದೆ...

ಕಾಕಾ ನನಗೆ ಸಂಬಂಧಿಕರೇನಲ್ಲ. ಭಾಲ್ಕಿಯ ಸ್ಟೇಶನ್ ರಸ್ತೆಯಲ್ಲಿ ನನ್ನ ಎಸ್‌ಟಿಡಿ ಬೂತಿಗೆ ಒತ್ತಿಕೊಂಡು ಅವರ ಗಡಿಯಾರ ರಿಪೇರಿ ಅಂಗಡಿ ಇತ್ತು. ನಡುವೆ ಹಲಗೆಯದೊಂದು ಗೋಡೆ. ಅವರು ಕೆಮ್ಮಿದರೆ ನನಗೆ ಕೇಳುತ್ತಿತ್ತು, ನನ್ನ ಫೋನು ಹೊಡೆದುಕೊಂಡರೆ ಅವರಿಗೆ. ಗಂಡ ತೀರಿಕೊಂಡ ಮೇಲೆ ಆ ಬೂತೇ ನನಗೆ ಆಸರೆ, ಹಲಗೆಯಾಚೆಯ ಆ ಕೆಮ್ಮೇ ನನಗೆ ಧೈರ್ಯ.

ಮಳೆ ಮೇಲಿಂದ ಮೇಲೆ ಕೈಕೊಟ್ಟ ವರ್ಷಗಳವು. ಔರಾದ ಕಡೆಯ ಹಳ್ಳಿಗಳ ಜನ ಗಂಟುಮೂಟೆ ಸಮೇತ ಬಸ್ಸಿಳಿದು, ನಮ್ಮ ಮುಂದೆಯೇ ಸ್ಟೇಶನ್ನಿಗೆ ನಡೆಯುತ್ತಿದ್ದರು. ಹೈದರಾಬಾದು, ಪುಣೆ, ಮುಂಬೈ... ಊರು ಬಿಡುವವರು ಯಾರು ಗಡಿಯಾರ ರಿಪೇರಿ ಮಾಡಿಸುತ್ತಾರೆ? ನಮ್ಮ ಸಾಲಿನ ಅಂಗಡಿಗಳೂ ಒಂದೊಂದಾಗಿ ಷಟರ್ ಎಳೆದವು. ಕಾಕಾರ ಮಗ ಪುಣೆಯಲ್ಲಿ ಕಟ್ಟಡದ ಕೆಲಸ ಹಿಡಿದ. ಅವನ ಊಟಕ್ಕೆ ತೊಂದರೆಯಾಗಬಾರದೆಂದು ಕಾಕಾರ ಹೆಂಡತಿಯೂ ಹೋದರು. ಅವರನ್ನು ನಾನು ಕಾಕು ಎನ್ನುತ್ತಿದ್ದೆ. ಹಿಂದಿನಿಂದ ಕಾಕಾ ಹೋಗುವುದೆಂದು ಮಾತಾಗಿತ್ತು. ಅವರು ಹೋಗಲಿಲ್ಲ, ಏಕೆಂದರೆ ಅಂಗಡಿಯಲ್ಲಿ ಸಾಹೇಬರ ಪೆಟ್ಟಿಗೆ ಇತ್ತು.

ಉತ್ತರದ ಕಡೆಯ ಯಾರೋ ಅಧಿಕಾರಿ. ಬೀದರಿಗೆ ವರ್ಗವಾಗಿ ಬಂದಿದ್ದವರು, ಒಮ್ಮೆ ಗಡಿಯಾರ ತಂದಾಗ ಕಾಕಾರ ಕೈಚಳಕ ನೋಡಿ ಮರುಳಾಗಿ, ಮುಂದಿನ ಸಲ ಒಂದು ತಗಡಿನ ಪೆಟ್ಟಿಗೆಯನ್ನೇ ತಂದಿಟ್ಟರು. ಮೇಜಿನ ಮೇಲೆ ನಕ್ಷೆ ಹಾಸಿ, ದಾಳ ಉರುಳಿಸಿ ಆಡುವ ಯುದ್ಧದಾಟದ ಸಿಪಾಯಿಗಳು. ಹೆಬ್ಬೆರಳುದ್ದದವು, ಆದರೆ ಸೀಸದವು; ಪೆಟ್ಟಿಗೆ ಎತ್ತಿದರೆ ಕೈ ಜಗ್ಗುತ್ತಿತ್ತು. ಕುದುರೆ ಬೇರೆ, ಸವಾರ ಬೇರೆ, ಕತ್ತಿ ಹಿಡಿದ ಕೈ ಬೇರೆ. ಜೋಡಿಸಿ ಬಣ್ಣ ಹಚ್ಚಿಡಿ, ಬಂದು ಒಯ್ಯುತ್ತೇನೆ ಎಂದರು. ಕಾಕಾರಿಗೆ ಫೋನಿರಲಿಲ್ಲವಾದ್ದರಿಂದ ನನ್ನ ಬೂತಿನ ನಂಬರು ಬರೆದುಕೊಂಡು ಹೋದರು.

ನಂಬಿ ಇಟ್ಟುಹೋದ ವಸ್ತುವನ್ನು ನಮ್ಮ ಕಡೆ ಅಮಾನತ್ ಎನ್ನುತ್ತಾರೆ. ಇಟ್ಟವರ ಕೈಗೆ ಒಪ್ಪಿಸುವ ತನಕ ಅದನ್ನು ಬಿಟ್ಟು ಕದಲಬಾರದು ಎಂಬುದು ಕಾಕಾರ ಹಟ. ಆ ಹಟದ ಮುಂದೆ ಕಾಕುವಿನ ಮಾತೇ ನಡೆಯಲಿಲ್ಲ, ಇನ್ನು ನನ್ನದೇನು.

ಕೆಲಸ ಮಾತ್ರ ನೋಡುವಂತಿತ್ತು. ಅಚ್ಚಿನಿಂದ ಉಳಿದ ಗೆರೆಯನ್ನು ಸಣ್ಣ ಅರದಿಂದ ಉಜ್ಜುವರು. ಬರೀ ಅಂಟಿಗೆ ಸೀಸದ ಭಾರ ನಿಲ್ಲದೆಂದು, ತೋಳಿಗೂ ಭುಜಕ್ಕೂ ಸೂಜಿಮೊನೆಯಷ್ಟು ತೂತು ಕೊರೆದು, ಹಿತ್ತಾಳೆ ತಂತಿ ಸಿಕ್ಕಿಸಿ, ಆಮೇಲೆ ಅಂಟಿಸುವರು. ಮೊದಲು ಮೈತುಂಬ ಬೂದುಬಣ್ಣದ ಅಸ್ತರು. ಅದು ಒಣಗಿದ ಮೇಲೆ ಅಂಗಿ, ಪಟ್ಟಿ, ಗುಂಡಿ. ನಿರಿಗೆಗಳಲ್ಲಿ ತೆಳು ಕಪ್ಪು ಹರಿಯಬಿಟ್ಟು, ಉಬ್ಬಿದ ಕಡೆ ಒರೆಸಿ ತೆಗೆದರೆ ಬಟ್ಟೆ ನಿಜವಾದದ್ದೇ ಎನಿಸುತ್ತಿತ್ತು. ಧೂಳು ಕೂರದಂತೆ ಒಂದೊಂದರ ಮೇಲೂ ಗಾಜಿನ ಲೋಟ ಬೋರಲು. ಟ್ಯಾಂಕರಿನ ಒಂದು ಕೊಡ ನೀರಿನಲ್ಲಿ ನಾವಿಬ್ಬರೂ ದಿನ ದೂಡುತ್ತಿದ್ದ ಕಾಲ. ಟರ್ಪಂಟೈನಿನಲ್ಲಿ ಕಲಸುವ ಈ ಬಣ್ಣಕ್ಕೆ ನೀರು ಬೇಡ, ಅದೊಂದು ಪುಣ್ಯ ಎಂದು ಕಾಕಾ ನಗುತ್ತಿದ್ದರು.

ಪೆಟ್ಟಿಗೆಯಲ್ಲಿ ಬಣ್ಣಗಳ ಪಟ್ಟಿ ಇಂಗ್ಲಿಷಿನಲ್ಲಿತ್ತು. ಪಿಯುಸಿ ಓದಿದವಳು ನಾನೇ, ಓದಿ ಹೇಳಿದೆ. ಮುಖಕ್ಕೆ ನಸುಗುಲಾಬಿ ಎಂದಿತ್ತು. ಎರಡಕ್ಕೆ ಹಚ್ಚಿದ ಕಾಕಾ ಕುಂಚ ಕೆಳಗಿಟ್ಟರು.

"ದಿನಾ ಬಿಸಿಲಾಗ ನಿಂದ್ರೋ ಮಂದಿ ಮಾರಿ ಹಿಂಗ ಇರ್ತದೇನವ್ವ?"

ತಾವೇ ಕಂದು ಕಲಸಿ, ಆ ಎರಡರಿಂದಲೇ ಹಿಡಿದು ಹಚ್ಚುತ್ತ ಬಂದರು. ಸಾಹೇಬರ ಸಿಪಾಯಿಗಳು ನಮ್ಮ ಸ್ಟೇಶನ್ನಿನಲ್ಲಿ ಗಾಡಿಗೆ ಕಾದು ನಿಂತವರಂತೆ ಕಾಣತೊಡಗಿದರು. ಆಮೇಲೆ ಕಾಕಾರಿಗೇ ಅಳುಕು ಶುರುವಾಯಿತು. ಸಾಹೇಬರ ಫೋನ್ ಬಂದರೆ ಮುಖದ ಬಣ್ಣ ಹೀಗೆ ನಡೆಯುತ್ತದೆಯೇ ಕೇಳು ಎಂದು ನನಗೆ ದಿನವೂ ನೆನಪಿಸುವರು.

ಫೋನ್ ಬಂತು. ಕಾಕಾ ಬಣ್ಣದ ಡಬ್ಬಿ ತರಲು ಬೀದರಿಗೆ ಹೋಗಿದ್ದರು. ತನಗೆ ದೂರಕ್ಕೆ ವರ್ಗವಾಗಿದೆ, ಇನ್ನು ಆ ಕಡೆ ಬರುವುದಿಲ್ಲ, ಆ ಸಿಪಾಯಿಗಳನ್ನು ಮುದುಕರೇ ಇಟ್ಟುಕೊಳ್ಳಲಿ ಎಂದು ಸಾಹೇಬರು ಹಿಂದಿಯಲ್ಲಿ ಹೇಳಿದರು. ನಾನು ಮುಖದ ಬಣ್ಣ ಕೇಳಿದೆ. ನಕ್ಕು, ಯಾವುದಾದರೂ ಆದೀತು ಎಂದು ಫೋನ್ ಇಟ್ಟುಬಿಟ್ಟರು.

ಸಂಜೆಯ ಗಾಡಿಗೆ ಕಾಕಾ ಬಂದರು. ಮುಖದ ಬಣ್ಣ ಹೀಗೇ ಇರಲಿ ಅಂದರು ಎಂದೆ. ಅವರಿಗಾದ ಸಂತೋಷ ನೋಡಬೇಕಿತ್ತು.

"ಮತ್ತ ಯಾವಾಗ ಬರ್ತಾರಂತ?"

ನಮ್ಮ ಸಾಲಿನಲ್ಲಿ ಆಗ ತೆರೆದಿದ್ದವು ಎರಡೇ ಷಟರು. ಒಂದು ಅವರದು, ಒಂದು ನನ್ನದು.

"ಬರ್ತಾರಂತ್ರಿ ಕಾಕಾ. ಯಾವತ್ತಂತ ಹೇಳಿಲ್ರಿ."

ಅವರ ಖುಷಿ ಕೆಡಿಸಬಾರದೆಂದು ಹಾಗೆ ಹೇಳಿದೆ ಎಂದು ನನಗೆ ನಾನೇ ಎಷ್ಟು ಸಲ ಸಮಾಧಾನ ಹೇಳಿಕೊಂಡಿದ್ದೇನೋ... ಶುದ್ಧ ಸುಳ್ಳು. ಆ ರಸ್ತೆಯಲ್ಲಿ ಒಬ್ಬಳೇ ಉಳಿಯಲು ನನಗೆ ಹೆದರಿಕೆಯಾಗಿತ್ತು.

ರವಿವಾರ ಪುಣೆಯಿಂದ ಕಾಕು ಫೋನ್ ಮಾಡುತ್ತಿದ್ದರು. ಯಾವಾಗ ಬರುತ್ತೀರಿ ಎಂಬುದೊಂದೇ ಮಾತು. ಸಾಹೇಬರು ಒಯ್ದ ಮಾರನೇ ದಿನವೇ ಬರುತ್ತೇನೆಂದು ಕಾಕಾ ನನ್ನೆದುರೇ ಕೂಗಿ ಹೇಳುವರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂರುತ್ತಿದ್ದೆ.

ಒಂದು ದಿನ ರವಿವಾರವಲ್ಲದ ದಿನ ಫೋನ್ ಬಂತು. ಮಗನದು. ಮೂರು ದಿನದ ಜ್ವರಕ್ಕೆ ಕಾಕು ಹೋಗಿಬಿಟ್ಟಿದ್ದರು. ಆ ಸುದ್ದಿಯನ್ನು ಮಾತ್ರ ನಾನು ತಡಮಾಡದೆ ಹೇಳಿದೆ. ಕಾಕಾ ಕೈಯಲ್ಲಿದ್ದ ಸವಾರನನ್ನು ಮೆಲ್ಲಗೆ ಕೆಳಗಿಟ್ಟು, ಮೇಲೆ ಲೋಟ ಮುಚ್ಚಿದರು. ಬಹಳ ಹೊತ್ತು ಬೆರಳು ಒರೆಸಿಕೊಂಡರು. ಅಷ್ಟನ್ನೂ ಪೆಟ್ಟಿಗೆಗೆ ತುಂಬಿ ನನ್ನ ಬೂತಿಗೆ ತಂದಿಟ್ಟರು.

"ಸಾಹೇಬರು ಬಂದ್ರ ಅವರ ಕೈಯಾಗೇ ಕೊಡವ್ವ."

ಆಗಲಾದರೂ ಹೇಳಬಹುದಿತ್ತು. ನಾನು ಪೆಟ್ಟಿಗೆಯನ್ನು ಮೇಜಿನಡಿಗೆ ಸರಿಸಿದೆ. ಪುಣೆಗೆಂದು ಅವರು ಹತ್ತಿದ ಗಾಡಿ ಹೊರಟಿತು. ಕಾಕಾ ಮತ್ತೆ ಭಾಲ್ಕಿಗೆ ಬರಲಿಲ್ಲ.

ಬೂತುಗಳ ಕಾಲ ಮುಗಿಯಿತು. ನಾನು ಪೆಟ್ಟಿಗೆ ಸಮೇತ ಬೀದರಿಗೆ, ತಂಗಿಯ ಮನೆಗೆ ಬಂದೆ. ಎಷ್ಟೋ ವರ್ಷಗಳ ಮೇಲೆ ಕಾಕಾರ ಮಗ ನನ್ನ ನಂಬರು ಹುಡುಕಿ ಫೋನ್ ಮಾಡಿದ. ಅಪ್ಪ ಹಾಸಿಗೆ ಹಿಡಿದಿದ್ದಾರೆ, ನಿಮ್ಮನ್ನೇನೋ ಕೇಳಬೇಕಂತೆ ಎಂದು ಫೋನನ್ನು ಅವರ ಕಿವಿಗೆ ಹಿಡಿದ.

"ಸಾಹೇಬರು ಬಂದಿದ್ರೇನವ್ವ?"

"ಬಂದಿದ್ರು ಕಾಕಾ. ಒಯ್ದಾರ್ರಿ. ಮಾರಿ ಭಾಳ ಚಲೋ ಆಗ್ಯಾವ ಅಂದ್ರು."

ಕಾಕಾ ಮೆಲ್ಲಗೆ ಅಂದರು, "ಹಂಗಾದ್ರ ನಿಮ್ಮ ಕಾಕು ನನ್ನ ದಾರಿ ಕಾಯ್ದದ್ದು ಸುಮ್ಮ ಹೋಗಲಿಲ್ಲ ನೋಡವ್ವ."

ಅದೇ ವಾರ ಅವರು ತೀರಿಕೊಂಡರು.

ಮೊನ್ನೆ ಕಿಟಕಿಯ ಕೆಲಸ ಮುಗಿಯುವ ಹೊತ್ತಿಗೆ ಮಂಚದಡಿಯ ಪೆಟ್ಟಿಗೆ ಎಳೆದು ತೆಗೆದೆ. ಮೊದಲಿಗಿಂತ ಭಾರ ಎನಿಸಿತು, ನನಗೂ ವಯಸ್ಸಾಯಿತಲ್ಲ. ಒಂದು ತೋಳೂ ಕಳಚಿಲ್ಲ. ಕಂದು ಮುಖಗಳು ಹಾಗೇ ಇವೆ. ಒಬ್ಬ ಸವಾರನಿಗೆ ಮಾತ್ರ ಅಂಗಿ, ಪಟ್ಟಿ, ಗುಂಡಿ ಎಲ್ಲ ಮುಗಿದು, ಮುಖ ಇನ್ನೂ ಅಸ್ತರಿನ ಬೂದುಬಣ್ಣದಲ್ಲೇ ಇದೆ. ಕಾಕು ಹೋದ ಸುದ್ದಿಯ ಫೋನ್ ಬಂದಾಗ ಕಾಕಾರ ಕೈಯಲ್ಲಿದ್ದದ್ದು ಅವನೇ.

ಡಬ್ಬಿಯ ತಳದಲ್ಲಿ ಸ್ವಲ್ಪ ಕಂದು ಬಣ್ಣ ಉಳಿದಿದೆ, ಏನು ಮಾಡಲಿ ಎಂದು ಪೇಂಟರು ಹೊರಗಿನಿಂದ ಕೇಳಿದರು. ನಾನು ಸವಾರನನ್ನು ಹಿಡಿದುಕೊಂಡೇ ಕೂತಿದ್ದೆ. ಇಲ್ಲಿ ಬೇಡ, ನೀವೇ ಒಯ್ಯಿರಿ ಎಂದೆ.