ಬಂದಿದ್ದ ಫೋನು

ಅನಘಾ, ನಿಖಿಲ್—ನಿಮ್ಮ ಅಮ್ಮನ ನೌಕರಿ ತಪ್ಪಿಸಿದವಳು ನಾನು.

ಮೊನ್ನೆ ಊಟಕ್ಕೆ ಕುಳಿತಾಗ ನಿಖಿಲ್, ನೀನು ನಗಾಡಿದೆ: "ಮಮ್ಮಿ, ಇಂಟರ್‌ವ್ಯೂ ಎಲ್ಲಿ ಅದ ಅಂತನೂ ನೋಡದ ಹೋಗಿದ್ದೇನು? ಭಾರಿ ಇಂಜಿನಿಯರ್ ನೀ!" ಸವಿತಾ ತಾನೂ ನಕ್ಕು ನಿನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ತಾಟು ಬಿಟ್ಟು ಎದ್ದೆ.

ಆಗ ನೀವಿನ್ನೂ ಹುಟ್ಟಿರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಚಿಂಚವಾಡದ ಇದೇ ಮನೆಗೆ ಸೊಸೆಯಾಗಿ ಬಂದ ಸವಿತಾ ಕಂಪ್ಯೂಟರ್ ಇಂಜಿನಿಯರಿಂಗ್ ಓದಿದವಳು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಪ್ರೋಗ್ರಾಮ್ ಬರೆದು, ತಾನೇ ತಪ್ಪು ಹುಡುಕಿ ಹೊಡೆದುಹಾಕುತ್ತಿದ್ದಳು. ಒಂದು ಸಾಫ್ಟ್‌ವೇರ್ ಕಂಪನಿಯ ಪರೀಕ್ಷೆ ಪಾಸಾದಳು. ಕೊನೆಯ ಇಂಟರ್‌ವ್ಯೂ ಊರಿನ ಆಚೆ ತುದಿಯ ವಿಮಾನ ನಗರದ ಆಫೀಸಿನಲ್ಲಿ ಎಂದಿದ್ದರು.

ಆ ಬೆಳಗ್ಗೆ ನಾನು ಅಡಿಗೆಮನೆ ಬಿಟ್ಟು ಹೊರಬರಲಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ಗಂಡ ಸತ್ತವಳ ಮುಖ ಎದುರಾಗಬಾರದು—ಹಾಗೆಂದೇ ಕೇಳುತ್ತ ಬೆಳೆದವಳು. "ಅತ್ತೀ, ಹೋಗಿ ಬರತೀನ್ರಿ" ಎಂದು ಅವಳು ಬಾಗಿಲಿನಿಂದ ಕೂಗಿದಾಗಲೂ ಗೋಡೆಯತ್ತ ತಿರುಗಿಯೇ "ಹೂಂ" ಎಂದೆ.

ಅವಳು ಮೆಟ್ಟಿಲಿಳಿಯುತ್ತಿದ್ದಂತೆ ಮನೆಗೆ ಫೋನು ಬಂತು; ಅವಳ ಹತ್ತಿರ ಆಗ ಮೊಬೈಲ್ ಇರಲಿಲ್ಲ. ಕಂಪನಿಯ ಹುಡುಗಿ ಮರಾಠಿಯಲ್ಲಿ ಬಿಡಿಸಿ ಹೇಳಿದಳು—ಇಂಟರ್‌ವ್ಯೂ ಹಿಂಜವಡಿಯ ಆಫೀಸಿಗೆ ಬದಲಾಗಿದೆ. ಗ್ಯಾಲರಿಗೆ ಓಡಿದೆ. ಕೆಳಗೆ ಸವಿತಾ ರಿಕ್ಷಾ ಹತ್ತುತ್ತಿದ್ದಳು. ಕೂಗಿದ್ದರೆ ಕೇಳುತ್ತಿತ್ತು. ಆದರೆ ಹೊರಟವಳನ್ನು ಹಿಂದಿನಿಂದ ಕರೆಯುವುದೇ—ಅದೂ ನಾನು—ತಿರುಗಿದರೆ ಅವಳು ನೋಡುವುದು ನನ್ನ ಮುಖವನ್ನೇ... ಬಾಯಿ ತೆರೆದು ನಿಂತೇ ಇದ್ದೆ. ರಿಕ್ಷಾ ಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ಮೂಢತನ ಎನ್ನಬಹುದಿತ್ತು.

ಮಧ್ಯಾಹ್ನ ಬಿಸಿಲಲ್ಲಿ ಬೆಂದು ಬಂದವಳು ಕಂಪನಿಗೆ ಫೋನು ಹಚ್ಚಿದಳು. ನಡುವೆ ನನ್ನತ್ತ ತಿರುಗಿದಳು. "ಅತ್ತೀ, ಮುಂಜಾನೆ ಫೋನ್ ಬಂದಿತ್ತೇನ್ರಿ? ಮನ್ಯಾಗ ಹೇಳೇವಿ ಅಂತಾರ."

"ಇಲ್ಲವ್ವಾ. ಯಾರದೂ ಬಂದಿಲ್ಲ."

ಅವಳು ಎರಡನೆಯ ಸಲ ಕೇಳಲಿಲ್ಲ. ಫೋನಿನಲ್ಲಿ ಜಗಳಕ್ಕೇ ನಿಂತಳು. ಸಂಜೆ ನಿಮ್ಮ ಅಪ್ಪನಿಗೆ ಹೇಳುತ್ತಿದ್ದಳು: "ತಪ್ಪು ನಿಮ್ಮ ಮನಿಯವರದ ಅಂತ ಒಪ್ಕೋ, ನಾಳೆ ಬಾ ಅಂದ್ರು. ನಮ್ಮತ್ತಿ ಸುಳ್ಳು ಹೇಳ್ಯಾರ ಅಂತ ನಾ ಯಾಕ ಒಪ್ಪಲಿ? ಅಂಥಾ ನೌಕರಿ ನನಗ ಬ್ಯಾಡ."

ನಾನು ಪಕ್ಕದಲ್ಲೇ ಹೆಸರುಕಾಳು ಆರಿಸುತ್ತ ಕುಳಿತಿದ್ದೆ. ಆಗಲೂ ಹೇಳಬಹುದಿತ್ತು. ಇನ್ನೂ ಒಂದು ರಾತ್ರಿಯಷ್ಟು ಹೊತ್ತಿತ್ತು.

ಆಮೇಲೆ ಅನಘಾ, ನೀನು ಹೊಟ್ಟೆಯಲ್ಲಿದ್ದೆ, ನಂತರ ನಿಖಿಲ್. ಅಂಥ ಕರೆ ಮತ್ತೆ ಬರಲಿಲ್ಲ. ಈಗ ಸವಿತಾ ಬೀದಿ ಮೂಲೆಯ ಕ್ಲಾಸಿನಲ್ಲಿ ಮಕ್ಕಳಿಗೆ ಟೈಪಿಂಗ್ ಕಲಿಸುತ್ತಾಳೆ.

ಬೆಳಗಿನ ಮೌನಕ್ಕೆ ಪದ್ಧತಿ ಎನ್ನುತ್ತ ಬಂದೆ. ಮಧ್ಯಾಹ್ನದ ಸುಳ್ಳು ಯಾವ ಪದ್ಧತಿಯದೂ ಅಲ್ಲ. ನನ್ನದು.

ಇವತ್ತು ಸಂಜೆ ಅವಳು ಬಂದ ಮೇಲೆ, ನಿಮ್ಮಿಬ್ಬರನ್ನೂ ಕೂರಿಸಿ, ಅವಳೆದುರಿಗೇ ಇದನ್ನು ಓದುತ್ತೇನೆ. ನನ್ನೊಡನೆ ಮಾತು ಬಿಟ್ಟರೆ ಬಿಡಲಿ, ಓದುವುದನ್ನು ನಿಲ್ಲಿಸುವುದಿಲ್ಲ. ಸಿಟ್ಟಿಗೋ, ನನ್ನ ಮೇಲಿನ ಕನಿಕರಕ್ಕೋ, ಹರಿದುಹಾಕಿ ಎಂದಾಳು. ಆ ಒಂದು ಮಾತು ಮಾತ್ರ ಕೇಳಬೇಡಿ. ತಪ್ಪು ಅವಳದಲ್ಲ ಎನ್ನುವುದಕ್ಕೆ ನಾನು ಹೋದ ಮೇಲೆ ಬೇರೆ ಸಾಕ್ಷಿ ಇರುವುದಿಲ್ಲ—ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.